ಹತ್ತಿಯ ಹುಳುವೂ ನಮ್ಮ ಹೊಣೆಯೂ

ಮುಂಗಾರಿ ಹಂಗಾಮು ಸಮೀಪಿಸಿತೆಂದರೆ ನಮ್ಮ ಎರೆನಾಡಿನ ಒಕ್ಕಲಿಗನಿಗೆ ಎರಡು ಚಿಂತೆಗಳು ಒಟ್ಟಿಗೇ ಹುಟ್ಟುವುವು. ಮಳೆಯ ಚಿಂತೆ ಮೊದಲನೆಯದು. ಅದು ಅಜ್ಜ ಮುತ್ತಜ್ಜರ ಕಾಲದಿಂದ ಬಂದುದು. ಹತ್ತಿಬೀಜದ ಚಿಂತೆ ಎರಡನೆಯದು. ಅದು ಈಚಿನ ಇಪ್ಪತ್ತು ಚಿಲ್ಲರೆ ವರುಷಗಳಿಂದ ಬಂದುದು. ಯಾವ ಕಂಪನಿಯ ಪೊಟ್ಟಣವನ್ನು ಒಯ್ಯಬೇಕು, ಅದಕ್ಕೆ ಎಷ್ಟು ತೆರಬೇಕು, ಕಾಯಿಗೆ ಹುಳು ಬಿದ್ದೀತೋ ಬೀಳದೆ ಉಳಿದೀತೋ ಎಂದು ಅವನು ಬೀಜದಂಗಡಿಯ ಕಟ್ಟೆಯ ಮೇಲೆ ಕುಳಿತು ಕೇಳುತ್ತಾನೆ. ಉತ್ತರ ಹೇಳುವವನು ಬೀಜವನ್ನು ಮಾರುವವನೇ ಆಗಿರುವನು. ಹುಳು ಬೀಳದೆಂಬ ಭರವಸೆಯಿಂದ ಕೊಂಡ ಬೀಜವು ಸೊಂಪಾಗಿ ಬೆಳೆದು, ಹೂವಾಗಿ, ಕಾಯಿಕಟ್ಟಿ, ದೀಪಾವಳಿಯ ಸುಮಾರಿಗೆ ಕಾಯನ್ನು ಒಡೆದು ನೋಡಿದಾಗ ಒಳಗೆ ಗುಲಾಬಿ ಬಣ್ಣದ ಹುಳು ಕಾಳನ್ನು ತಿಂದು ಅರಳೆಯನ್ನು ಕಲೆಗೆಡಿಸಿ ಕುಳಿತಿರುವುದು. ರಾಯಚೂರು, ಯಾದಗಿರಿ, ಕಲಬುರಗಿ, ಬಳ್ಳಾರಿ, ಧಾರವಾಡ, ಹಾವೇರಿ ಜಿಲ್ಲೆಗಳಲ್ಲಿ ಈ ದೃಶ್ಯವು ಈಗ ಯಾರಿಗೂ ಹೊಸದಲ್ಲ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಯುಕ್ತ. ಬೀಜದೊಳಗಿನ ವಿಷವನ್ನು ಈ ಹುಳು ಅರಗಿಸಿಕೊಂಡುದು ದೈವಯೋಗವಲ್ಲ. ಒಬ್ಬಿಬ್ಬ ರೈತರ ಅಲಕ್ಷ್ಯದ ಫಲವೂ ಅಲ್ಲ. ಹುಳುವು ವಿಷಕ್ಕೆ ಮಣಿಯುವ ಗುಣವು ಊರ ಕೆರೆಯ ನೀರಿನಂತೆ ಎಲ್ಲರ ಸೊತ್ತು. ಕೆರೆಗೆ ನೀರಗಂಟಿ ಇಲ್ಲದೆ, ತೂಬಿಗೆ ಕಟ್ಟುಪಾಡು ಇಲ್ಲದೆ, ಮನಬಂದವರು ಮನಬಂದಷ್ಟು ನೀರು ಹರಿಸಿಕೊಂಡರೆ ಅದು ಬತ್ತದೆ ಇದ್ದೀತೆ? ಹಾಗೆಯೇ ಈ ಗುಣವೂ ನಮ್ಮ ಕಣ್ಣೆದುರಿಗೆ ಬತ್ತಿತು. ಕಾಯಬೇಕಾದ ಸರಕಾರ ಕಾಯಲಿಲ್ಲ. ತಿಳಿಸಬೇಕಾದ ಕಂಪನಿಗಳು ತಿಳಿಸಲಿಲ್ಲ. ಕೂಡಿ ನಡೆಯಬೇಕಾದ ಊರುಗಳು ಕೂಡಲಿಲ್ಲ.

ಈ ಹುಳುವಿನ ಚರಿತ್ರೆ ಬಲು ವಿಚಿತ್ರವಾದುದು. ಶಾಸ್ತ್ರಜ್ಞರು ಇದನ್ನು ಮೊದಲು ವರ್ಣಿಸಿದುದು 1843ರಲ್ಲಿ. ಆ ವರ್ಣನೆಗೆ ಆಧಾರವಾದ ಮಾದರಿಗಳು ಹೋದುದು ಗುಜರಾಥದ ಭರೂಚಿನ ಹತ್ತಿಯ ಹೊಲಗಳಿಂದ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಹಿಂದುಸ್ಥಾನದ ಹತ್ತಿಬೀಜದೊಡನೆ ಇದು ಇಜಿಪ್ತಿಗೆ ಹೋಯಿತು. ಅಲ್ಲಿಂದ 1911ರಲ್ಲಿ ಮೆಕ್ಸಿಕೋ ದೇಶಕ್ಕೂ, 1917ರಲ್ಲಿ ಅಮೆರಿಕದ ಟೆಕ್ಸಾಸ್ ಸಂಸ್ಥಾನಕ್ಕೂ ಹಬ್ಬಿತು. ಅಂದರೆ ನಮ್ಮ ಮನೆಯ ಹುಳುವೇ ಲೋಕಸಂಚಾರ ಮಾಡಿತು. ಅಮೆರಿಕದವರು ಒಂದು ಶತಮಾನ ಅದರೊಡನೆ ಹೋರಾಡಿ, ತಮ್ಮ ಹತ್ತಿಯ ಹೊಲಗಳಿಂದ ಅದು ಸಂಪೂರ್ಣ ನಿರ್ಮೂಲವಾಯಿತೆಂದು 2018ರ ಅಕ್ಟೋಬರಿನಲ್ಲಿ ಸಾರಿದರು. ಅದೇ ಕಾಲದಲ್ಲಿ ನಾವು ಅದೇ ಹುಳುವಿಗೆ ಅದೇ ಬಗೆಯ ಬೀಜದ ಹೊಲಗಳಲ್ಲಿ ಅನ್ನವಿಕ್ಕುತ್ತಿದ್ದೆವು. ಆಯುಧವು ಇಬ್ಬರಿಗೂ ಒಂದೇ. ಫಲ ಮಾತ್ರ ಬೇರೆ. ಈ ಅಂತರಕ್ಕೆ ಕಾರಣವೇನೆಂಬುದನ್ನು ಪ್ರತಿಯೊಬ್ಬ ವಿಚಾರವಂತನೂ ತಿಳಿಯಬೇಕಾಗಿದೆ.

ಆ ಆಯುಧದ ಮೂಲವು ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿ. 1901ರಲ್ಲಿ ಜಪಾನಿನ ಇಶಿವಾತಾ ಎಂಬ ಶಾಸ್ತ್ರಜ್ಞನು ರೇಷ್ಮೆಹುಳುಗಳು ಹಠಾತ್ತಾಗಿ ಸಾಯುತ್ತಿದ್ದುದಕ್ಕೆ ಈ ಜೀವಿಯೇ ಕಾರಣವೆಂದು ಕಂಡನು. 1911ರಲ್ಲಿ ಜರ್ಮನಿಯ ಥುರಿಂಗಿಯಾ ಸೀಮೆಯ ಹಿಟ್ಟಿನ ಹುಳುವಿನಲ್ಲಿ ಬರ್ಲಿನರ್ ಎಂಬವನು ಅದನ್ನೇ ಕಂಡು, ಆ ಸೀಮೆಯ ಹೆಸರಿನಿಂದ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂದು ಕರೆದನು. ಬಿ.ಟಿ. ಎಂಬುದು ಇದರ ಮೊಟಕು ಹೆಸರು. ಈ ಜೀವಿಯ ವಿಷವನ್ನು ಹುಟ್ಟಿಸುವ ವಂಶವಾಹಿಯನ್ನು ಹತ್ತಿಯ ಗಿಡದೊಳಗೆ ಸೇರಿಸಿದುದೇ ಬಿ.ಟಿ. ಹತ್ತಿ. ಒಂದು ವಿಷವುಳ್ಳ ಮೊದಲನೆಯ ಬೀಜಕ್ಕೆ ಕೇಂದ್ರ ಸರಕಾರವು 2002ರ ಮಾರ್ಚಿಯಲ್ಲಿ ಅನುಮತಿಯಿತ್ತಿತು. ಎರಡು ವಿಷಗಳುಳ್ಳ ಎರಡನೆಯ ಬೀಜಕ್ಕೆ 2006ರಲ್ಲಿ ಅನುಮತಿ ದೊರೆಯಿತು. ಮೊದಮೊದಲು ಒಂದು ಎಕರೆಯ ಪೊಟ್ಟಣಕ್ಕೆ 1,600 ರೂಪಾಯಿಗೂ ಮೀರಿ ಬೆಲೆಯಿದ್ದರೂ ರೈತನು ಮುಗಿಬಿದ್ದು ಕೊಂಡನು. ಅದಕ್ಕೆ ಕಾರಣವೂ ಇದ್ದಿತು. ಹಸಿರು ಕಾಯಿಕೊರಕವು 1980ರ ದಶಕದಿಂದಲೇ ಸಿಂಪಡಿಸುವ ಎಣ್ಣೆಗಳಿಗೆ ಜಗ್ಗದಾಗಿತ್ತು. ಆಂಧ್ರದ ಕರಾವಳಿಯಲ್ಲಿ 1987ರಲ್ಲಿಯೂ, ವಾರಂಗಲ್ಲಿನಲ್ಲಿ 1997–98ರಲ್ಲಿಯೂ ಹತ್ತಿಯ ಬೆಳೆಗಾರರ ಮನೆಗಳು ಹಾಳಾದುದನ್ನು ನಾಡು ಮರೆತಿಲ್ಲ. ಅಂಥ ಹೊತ್ತಿನಲ್ಲಿ ಹೊಸ ಬೀಜವು ಹಸಿರು ಹುಳುವಿನ ಕಾಟವನ್ನು ಕಡಿಮೆ ಮಾಡಿದುದು ನಿಜ. ಇದನ್ನು ಅಲ್ಲಗಳೆಯುವುದು ಸತ್ಯಕ್ಕೆ ಅಪಚಾರವಾದೀತು.

ಆದರೆ ಯಾವ ವಿಷವನ್ನೇ ಆಗಲಿ, ಎಡೆಬಿಡದೆ ಎಲ್ಲೆಲ್ಲಿಯೂ ಪ್ರಯೋಗಿಸಿದರೆ ಕೀಟವು ಅದಕ್ಕೆ ಒಗ್ಗಿಕೊಳ್ಳುವುದೆಂಬುದು ಹಳೆಯ ಪಾಠ. ಅಮೆರಿಕದ ಮೆಲಾಂಡರ್ ಎಂಬ ಕೀಟಶಾಸ್ತ್ರಜ್ಞನು 1914ರಷ್ಟು ಹಿಂದೆಯೇ ಹಣ್ಣಿನ ತೋಟಗಳ ಕೀಟವೊಂದರ ವಿಷಯದಲ್ಲಿ ಈ ಎಚ್ಚರಿಕೆಯನ್ನು ಕೊಟ್ಟಿದ್ದನು. ಅದು ನಡೆಯುವ ರೀತಿಯನ್ನು ವಾಚಕರಿಗೆ ಸರಳವಾಗಿ ಹೇಳುವೆವು. ಸಾವಿರ ಸಾವಿರ ಹುಳುಗಳಲ್ಲಿ ಒಂದೆರಡಕ್ಕೆ ಹುಟ್ಟಿನಿಂದಲೇ ವಿಷವನ್ನು ತಡೆಯುವ ಶಕ್ತಿಯಿರುವುದು. ಸುತ್ತ ಎಲ್ಲವೂ ಬಿ.ಟಿ. ಹೊಲವೇ ಆಗಿದ್ದರೆ ಮಿಕ್ಕವು ಸತ್ತು ಇವು ಮಾತ್ರ ಉಳಿಯುವುವು. ಉಳಿದವು ತಮ್ಮತಮ್ಮೊಳಗೇ ಕೂಡಿ ಮರಿಮಾಡುವುವು. ಆ ಮರಿಗಳೆಲ್ಲ ವಿಷಕ್ಕೆ ಜಗ್ಗದವುಗಳಾಗುವುವು. ಪಕ್ಕದಲ್ಲಿ ಸ್ವಲ್ಪ ಸಾದಾ ಹತ್ತಿಯಿದ್ದರೆ ಅಲ್ಲಿ ವಿಷಕ್ಕೆ ಮಣಿಯುವ ಹುಳುಗಳು ಹೇರಳವಾಗಿ ಬದುಕಿ ಪತಂಗಗಳಾಗುವುವು. ಆ ಒಂದೆರಡು ಗಟ್ಟಿ ಪತಂಗಗಳಿಗೆ ಇವುಗಳೊಡನೆಯೇ ಸಂಬಂಧ ಬೆಳೆಯುವುದು. ಗಟ್ಟಿತನದ ಗುಣವು ತಾಯಿತಂದೆ ಇಬ್ಬರಿಂದಲೂ ಬಂದರೆ ಮಾತ್ರ ಫಲಿಸುವಂಥದಾದುದರಿಂದ ಈ ಮರಿಗಳು ಬಿ.ಟಿ. ಗಿಡವನ್ನು ತಿಂದು ಸಾಯುವುವು. ಹೀಗೆ ಸಾದಾ ಹತ್ತಿಯ ನಾಲ್ಕಾರು ಸಾಲುಗಳು ಉಳಿದ ಹೊಲದ ರಕ್ಷಣೆಗೆ ನಿಂತ ಕಾವಲುಗಾರರು. ಇದಕ್ಕೇ ಆಶ್ರಯದ ಬೆಳೆಯೆಂದು ಹೆಸರು. ಹುಳುವಿಗೆ ಒಂದಿಷ್ಟು ಬಿಟ್ಟುಕೊಟ್ಟು ಬಹಳಷ್ಟನ್ನು ಉಳಿಸಿಕೊಳ್ಳುವ ಉಪಾಯವಿದು.

ಈ ಉಪಾಯದ ಸತ್ಯಕ್ಕೆ ನಮ್ಮ ಹೊಲಗಳೇ ಸಾಕ್ಷಿ. ಹಸಿರು ಕಾಯಿಕೊರಕವು ಹತ್ತಿಯೊಂದನ್ನೇ ನಂಬಿದ ಕೀಟವಲ್ಲ. ತೊಗರಿ, ಕಡಲೆ, ಟೊಮಾಟೊ, ಸೂರ್ಯಕಾಂತಿ ಎಲ್ಲವೂ ಅದಕ್ಕೆ ಊಟವೇ. ಆದುದರಿಂದ ನಾವು ಬೇಡವೆಂದರೂ ಅದಕ್ಕೆ ಆಶ್ರಯದ ಬೆಳೆ ಸುತ್ತಲೂ ಇದ್ದೇ ಇದ್ದಿತು. ಬಿ.ಟಿ. ಹತ್ತಿಯು ಅದರ ಮೇಲೆ ಬಹುಕಾಲ ಕೆಲಸ ಮಾಡಿದುದಕ್ಕೆ ಇದೊಂದು ಮುಖ್ಯ ಕಾರಣ. ಗುಲಾಬಿ ಹುಳುವಾದರೋ ಹೆಚ್ಚುಕಡಿಮೆ ಹತ್ತಿಯನ್ನು ಮಾತ್ರ ಬಲ್ಲದು. ಹತ್ತಿಯ ಸೀಮೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೀರಿ ಬಿ.ಟಿ. ಹತ್ತಿಯೇ ಆದ ಮೇಲೆ ವಿಷವಿಲ್ಲದ ತುತ್ತು ಅದಕ್ಕೆ ಎಲ್ಲಿಯೂ ಸಿಕ್ಕದಾಯಿತು. ಸಾಯಬೇಕು, ಇಲ್ಲವೆ ಗಟ್ಟಿಯಾಗಬೇಕು, ಅದು ಗಟ್ಟಿಯಾಯಿತು. ಹತ್ತಿಯ ನಡುವೆ ತೊಗರಿಯ ಅಕ್ಕಡಿ ಹಾಕುವ ನಮ್ಮವರ ಹಳೆಯ ರೂಢಿ ಒಳ್ಳೆಯದೇ. ಆಸ್ಟ್ರೇಲಿಯದಲ್ಲಿ ಹಸಿರು ಹುಳುವಿನ ಜಾತಿಯ ಕೀಟಗಳಿಗಾಗಿ ತೊಗರಿಯನ್ನೇ ಆಶ್ರಯದ ಬೆಳೆಯಾಗಿ ಬಿತ್ತುವ ನಿಯಮವಿದೆ. ಆದರೆ ತೊಗರಿಯನ್ನು ಮೂಸದ ಗುಲಾಬಿ ಹುಳುವಿಗೆ ಅದರಿಂದ ಏನೂ ಆಗದು. ಅದಕ್ಕೆ ಸಾದಾ ಹತ್ತಿಯೇ ಬೇಕು.

ಸರಕಾರಕ್ಕೆ ಇದು ತಿಳಿಯದ ವಿಷಯವಾಗಿರಲಿಲ್ಲ. 2002ರ ಅನುಮತಿಯಲ್ಲಿಯೇ ಬಿ.ಟಿ. ಹೊಲದ ಸುತ್ತ ಐದು ಸಾಲು ಅಥವಾ ನೂರಕ್ಕೆ ಇಪ್ಪತ್ತು ಪಾಲು, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಸಾದಾ ಹತ್ತಿಯನ್ನು ಬಿತ್ತಬೇಕೆಂಬ ಕರಾರು ಇದ್ದಿತು. ಅದರಂತೆ 450 ಗ್ರಾಮ್ ಬಿ.ಟಿ. ಬೀಜದೊಡನೆ 120 ಗ್ರಾಮ್ ಸಾದಾ ಬೀಜದ ಸಣ್ಣ ಪೊಟ್ಟಣವನ್ನೂ ಕೊಡುತ್ತಿದ್ದರು. ಆ ಪೊಟ್ಟಣದ ಗತಿಯೇನಾಯಿತೆಂಬುದನ್ನು ಹಳ್ಳಿಯ ಮಕ್ಕಳೂ ಬಲ್ಲರು. ಬದುವಿನ ಮೇಲೆ ಎಸೆದವರುಂಟು, ಮೂಲೆಗೆ ಹಾಕಿದವರುಂಟು, ಬಿತ್ತಿದವರು ವಿರಳ. ಕಾಗದದ ಮೇಲೆ ಕರಾರು ಉಳಿಯಿತು. ಹೊಲದಲ್ಲಿ ಹುಳು ಉಳಿಯಿತು. ಗುಜರಾಥದ ಅಮರೇಲಿ, ಭಾವನಗರ, ಜುನಾಗಢ, ರಾಜಕೋಟ ಜಿಲ್ಲೆಗಳಲ್ಲಿ ಗುಲಾಬಿ ಹುಳುವು ಮೊದಲನೆಯ ವಿಷವನ್ನು ಗೆದ್ದಿತೆಂದು 2010ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ನಾಲ್ಕೈದು ವರುಷಗಳಲ್ಲಿ ಎರಡನೆಯದನ್ನೂ ಅದು ಗೆದ್ದುದು ಗುಜರಾಥದಲ್ಲಿ ಕಂಡುಬಂದಿತು; ಬಳಿಕ ಮಧ್ಯ ಮತ್ತು ದಕ್ಷಿಣ ಭಾರತದ ಹತ್ತಿಯ ಸೀಮೆಗಳಲ್ಲೆಲ್ಲ ಕಂಡುಬಂದಿತು. 2017ರಲ್ಲಿ ಮಹಾರಾಷ್ಟ್ರದ ಬೆಳೆ ಸೂರೆಹೋಯಿತು. 2021ರಲ್ಲಿ ಪಂಜಾಬಿನ ಭಟಿಂಡಾ ಕಡೆಯೂ, 2023ರಲ್ಲಿ ರಾಜಸ್ಥಾನದ ಉತ್ತರದ ಜಿಲ್ಲೆಗಳೂ ಇದೇ ಅನುಭವವನ್ನು ಪಡೆದುವು.

ಇದು ಬರಿಯ ಕಾಯಿ ಅರಳೆಗಳ ಲೆಕ್ಕವಲ್ಲ. ಬೀಜವು ಕೈಕೊಟ್ಟಾಗ ರೈತನು ಮರಳಿ ಎಣ್ಣೆಯ ಪಂಪನ್ನು ಬೆನ್ನಿಗೇರಿಸುತ್ತಾನೆ. 2017ರ ಹಂಗಾಮಿನಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯೊಂದರಲ್ಲಿಯೇ ಹತ್ತಿಗೆ ವಿಷ ಸಿಂಪಡಿಸುತ್ತಿದ್ದ ರೈತರು ಮತ್ತು ಕೂಲಿಗಳು ಇಪ್ಪತ್ತು ಮಂದಿಗೆ ಕಡಿಮೆಯಿಲ್ಲದೆ ಆ ವಿಷದಿಂದಲೇ ಪ್ರಾಣಬಿಟ್ಟರು. ದೇಶದ ಹತ್ತಿಯ ಇಳುವರಿಯು 2013–14ರಲ್ಲಿ ಹೆಕ್ಟೇರಿಗೆ 566 ಕಿಲೋಗ್ರಾಮ್ ಅರಳೆಯಿದ್ದುದು ಹತ್ತು ವರುಷಗಳಲ್ಲಿ 440ರ ಆಸುಪಾಸಿಗೆ ಇಳಿಯಿತು. ಈ ಇಳಿತಕ್ಕೆ ಮಳೆ, ಮಣ್ಣು, ಗೊಬ್ಬರ ಮೊದಲಾದ ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಹುಳುವಿನ ಪಾಲು ಅಲ್ಪವೆಂದು ಯಾರೂ ಹೇಳಲಾರರು.

ಹಾಗಾದರೆ ತಪ್ಪು ಯಾರದು? ಪೊಟ್ಟಣವನ್ನು ಎಸೆದ ರೈತನದೆಂದು ಪಟ್ಟಣದ ಕುರ್ಚಿಗಳಲ್ಲಿ ಕುಳಿತವರು ಸುಲಭವಾಗಿ ಹೇಳಿಬಿಡುವರು. ನಾವು ಈ ಮಾತನ್ನು ಪೂರ್ತಿಯಾಗಿ ಒಪ್ಪಲಾರೆವು. ಎರಡು ಎಕರೆಯ ಒಡೆಯನಿಗೆ ಐದರಲ್ಲಿ ಒಂದು ಪಾಲನ್ನು ಹುಳುವಿಗೆ ಬಿಡೆಂದು ಹೇಳುವುದು ಹಸಿದವನಿಗೆ ಉಪವಾಸದ ಮಹಿಮೆಯನ್ನು ಹೇಳಿದಂತೆ. ಆ ಸಾದಾ ಬೀಜವಾದರೂ ಎಂಥದಿತ್ತು? ಅನೇಕ ಪೊಟ್ಟಣಗಳಲ್ಲಿ ಮೊಳೆಯದ ಕಾಳು. ಮೊಳೆತರೂ ಪಕ್ಕದ ಬೆಳೆಯೊಡನೆ ಹೂವಿಗೆ ಬಾರದ ಬೇರೆ ತಳಿ. ಎರಡೂ ಒಂದೇ ಕಾಲಕ್ಕೆ ಹೂಬಿಡದಿದ್ದರೆ ಪತಂಗಗಳ ಮೇಳನವಾಗುವುದೆಂತು? ಇದನ್ನು ಏಕೆ ಬಿತ್ತಬೇಕೆಂಬುದನ್ನು ಅವನ ಮಾತಿನಲ್ಲಿ ಅವನ ಹೊಲಕ್ಕೆ ಬಂದು ಹೇಳಿದವರಾದರೂ ಎಷ್ಟು ಮಂದಿ? ನೆರೆಯವನು ಬಿತ್ತದೆ ತಾನೊಬ್ಬನೇ ಬಿತ್ತಿದರೆ ನಷ್ಟ ತನಗೆ, ಲಾಭ ಊರಿಗೆ. ಇಂಥ ಲೆಕ್ಕವನ್ನು ಒಬ್ಬೊಬ್ಬನ ಧರ್ಮಬುದ್ಧಿಗೆ ಬಿಡುವುದು ರಾಜನೀತಿಯಲ್ಲ. 2020ರ ಹಂಗಾಮಿನಿಂದ ಒಂದೇ ಪೊಟ್ಟಣದಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಸಾದಾ ಬೀಜವನ್ನು ಬೆರೆಸಿಯೇ ಕೊಡುವ ಪದ್ಧತಿ ಬಂದಿತು. ಪದ್ಧತಿಯೇನೋ ಒಳ್ಳೆಯದು, ಎಸೆಯುವ ಪ್ರಶ್ನೆಯೇ ಇಲ್ಲ. ಆದರೆ ಹುಳುವು ಎರಡು ವಿಷಗಳನ್ನೂ ಗೆದ್ದ ಮೇಲೆ ಅದು ಬಂದಿತು. ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲನ್ನು ಹಾಕಿದಂತಾಯಿತು.

ಇನ್ನೊಂದು ತಪ್ಪು ಇದಕ್ಕಿಂತ ಆಳವಾದುದು. ಲೋಕದಲ್ಲಿ ಹತ್ತಿ ಬೆಳೆಯುವ ಇತರ ದೊಡ್ಡ ದೇಶಗಳು ಬಹುಮಟ್ಟಿಗೆ ಬೀಜವನ್ನು ಇಟ್ಟುಕೊಂಡು ಮರಳಿ ಬಿತ್ತಬಹುದಾದ ಸಾದಾ ತಳಿಗಳನ್ನು ಬೆಳೆಯುವಲ್ಲಿ, ನಮ್ಮ ದೇಶ ಮಾತ್ರ ಹೆಚ್ಚುಕಡಿಮೆ ಎಲ್ಲ ಹೊಲದಲ್ಲಿಯೂ ಸಂಕರಣ ತಳಿಯನ್ನು ಬೆಳೆಯುತ್ತದೆ. ಸಂಕರಣ ತಳಿಯೆಂದರೆ ನಮಗೆ ಅಭಿಮಾನವಿಲ್ಲದಿಲ್ಲ. 1970ರಲ್ಲಿ ಸೂರತಿನಲ್ಲಿ ಸಿ. ಟಿ. ಪಟೇಲರು ಮೊದಲನೆಯ ಸಂಕರಣ ಹತ್ತಿಯನ್ನು ಕೊಟ್ಟರು; 1972ರಲ್ಲಿ ನಮ್ಮ ಧಾರವಾಡದಲ್ಲಿ ಡಾ. ಬಿ. ಎಚ್. ಕಾತರಕಿಯವರು ಎರಡು ಬೇರೆ ಜಾತಿಗಳನ್ನು ಕೂಡಿಸಿದ ವರಲಕ್ಷ್ಮಿಯನ್ನು ಕೊಟ್ಟು ಕನ್ನಡನಾಡಿನ ಹೆಸರನ್ನು ಬೆಳಗಿದರು. ಆದರೆ ಬಿ.ಟಿ. ವಂಶವಾಹಿಯನ್ನು ಸಂಕರಣ ತಳಿಯೊಳಗೇ ಇಟ್ಟುದರಲ್ಲಿ ಕಂಪನಿಗಳಿಗೆ ಇದ್ದ ಅನುಕೂಲ ಬೇರೆ: ಸಂಕರಣದ ಬೀಜವನ್ನು ರೈತನು ಇಟ್ಟುಕೊಂಡು ಬಿತ್ತಲು ಬಾರದು, ವರುಷವರುಷವೂ ಅಂಗಡಿಗೆ ಬರಲೇಬೇಕು. ಇದರಿಂದ ಹುಳುವಿಗೂ ಎರಡು ಅನುಕೂಲಗಳಾದುವು. ಸಂಕರಣ ಗಿಡದ ಕಾಯೊಳಗೆ ಎಲ್ಲ ಕಾಳುಗಳೂ ಒಂದೇ ತೆರನಾಗಿರುವುದಿಲ್ಲ. ಕೆಲವುಗಳಲ್ಲಿ ಎರಡು ವಿಷ, ಕೆಲವುಗಳಲ್ಲಿ ಒಂದು, ಕೆಲವುಗಳಲ್ಲಿ ಒಂದೂ ಇಲ್ಲ. ಕಾಳನ್ನೇ ತಿನ್ನುವ ಹುಳುವು ಹೀಗೆ ಅರೆಬರೆ ವಿಷವನ್ನು ಉಣ್ಣುತ್ತ ಅದನ್ನು ತಡೆಯುವ ವಿದ್ಯೆಯನ್ನು ಬೇಗ ಕಲಿಯಿತು. ಅಲ್ಲದೆ ಈ ತಳಿಗಳು ದೀರ್ಘಾವಧಿಯವು; ಆರು ತಿಂಗಳಿಗೂ ಮೀರಿ ಹೊಲದಲ್ಲಿ ನಿಲ್ಲುವುವು. ಚಳಿಗಾಲದಲ್ಲಿ ಹೆಚ್ಚುವ ಈ ಹುಳುವಿಗೆ ಇದಕ್ಕಿಂತ ದೊಡ್ಡ ಜಾತ್ರೆ ಯಾವುದು? ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ. ಆರ್. ಕ್ರಾಂತಿಯವರು ಇದನ್ನು ಬಹಳ ದಿನಗಳಿಂದ ಹೇಳುತ್ತ ಬಂದಿದ್ದಾರೆ.

ಈಗ ಅಮೆರಿಕದ ಕಥೆಗೆ ಬರೋಣ. ಅರಿಜೋನಾ ಸಂಸ್ಥಾನದಲ್ಲಿ 1996ರಿಂದ ಬಿ.ಟಿ. ಹತ್ತಿ ಬೆಳೆಯತೊಡಗಿದರು. ಅಲ್ಲಿಯ ಬೆಳೆಗಾರರು ಆಶ್ರಯದ ಬೆಳೆಯನ್ನು ಹತ್ತು ವರುಷ ಶ್ರದ್ಧೆಯಿಂದ ಬಿತ್ತಿದರು, ವಿಶ್ವವಿದ್ಯಾನಿಲಯದವರು ವರುಷವರುಷವೂ ಹುಳುವನ್ನು ಹಿಡಿದು ಪರೀಕ್ಷಿಸಿದರು, ವಿಷವು ಮೊನೆಗೆಡಲಿಲ್ಲ. 2006ರಿಂದ ಇನ್ನೊಂದು ಹೆಜ್ಜೆಯಿಟ್ಟು, ಸಾಕಿ ಬಂಜೆಗೊಳಿಸಿದ ನೂರಾರು ಕೋಟಿ ಪತಂಗಗಳನ್ನು ವಿಮಾನಗಳಿಂದ ಹೊಲಗಳ ಮೇಲೆ ಬಿಟ್ಟರು. ಕಾಡಿನ ಪತಂಗವು ಬಂಜೆ ಪತಂಗದೊಡನೆ ಕೂಡಿ ಸಂತಾನವಿಲ್ಲದೆ ಅಳಿಯಿತು. ಇದಕ್ಕೆ ಹಣ ಕೊಟ್ಟವರಲ್ಲಿ ಬೆಳೆಗಾರರೂ ಇದ್ದರು, ಸರಕಾರವೂ ಇದ್ದಿತು. ಅವರು ಶ್ರೀಮಂತರು, ನೂರಾರು ಎಕರೆಯ ಒಡೆಯರು, ನಮಗೆ ಅವರೊಡನೆ ಹೋಲಿಕೆಯೇ ಎಂದು ಕೆಲವರು ಕೇಳಬಹುದು. ಅಂಥವರು ಚೀನದ ಕಡೆ ನೋಡಲಿ. ಯಾಂಗ್‌ತ್ಸೆ ನದಿಯ ಬಯಲಿನಲ್ಲಿ ನಮ್ಮವರಂತೆಯೇ ತುಂಡು ಹೊಲದ ರೈತರಿದ್ದಾರೆ. ಅಲ್ಲಿ ಅಗ್ಗವಾಗಿ ದೊರೆತ ಎರಡನೆಯ ತಲೆಮಾರಿನ ಸಂಕರಣ ಬೀಜವನ್ನು ಬಿತ್ತಿದುದರಿಂದ ಹೊಲದ ಗಿಡಗಳಲ್ಲಿ ನಾಲ್ಕಕ್ಕೊಂದು ತಾನಾಗಿಯೇ ಸಾದಾ ಗಿಡವಾಯಿತು. ಅಂದರೆ ಒಂದೇ ಕಾಯೊಳಗೆ ಕಾಳು ಬೆರೆಯುವ ಕೇಡಲ್ಲದೆ, ಇಡೀ ಗಿಡಗಿಡವೇ ಆಶ್ರಯವಾಗಿ ನಿಲ್ಲುವ ಲಾಭವೂ ದೊರೆಯಿತು. ಗುಲಾಬಿ ಹುಳುವಿನಲ್ಲಿ ಏರುತ್ತಿದ್ದ ನಿರೋಧ ಶಕ್ತಿಯು ಅಲ್ಲಿ ಇಳಿಮುಖವಾಯಿತೆಂದು 2017ರಲ್ಲಿ ಶಾಸ್ತ್ರಜ್ಞರು ಪ್ರಕಟಿಸಿದರು. ಆದುದರಿಂದ ಬಡತನವು ಅಡ್ಡಿಯಲ್ಲ, ಹೊಲದ ಅಳತೆಯೂ ಅಡ್ಡಿಯಲ್ಲ. ಬೆರಕೆಯನ್ನು ಬೀಜದಲ್ಲಿಯೇ ಕೊಟ್ಟರೆ ಬಡ ರೈತನ ಹೊಲವೂ ಹುಳುವನ್ನು ಸೋಲಿಸಬಲ್ಲದು.

ಇನ್ನು ಮುಂದೇನು? ವಿಷ ಮೊನೆಗೆಟ್ಟಿರುವಾಗ ಹುಳುವಿನ ಹೊಟ್ಟೆಗೆ ಅನ್ನವಿಲ್ಲದಂತೆ ಮಾಡುವುದೇ ಮುಖ್ಯ ಉಪಾಯ. ಈ ಹುಳುವು ಹತ್ತಿಯಿಲ್ಲದ ನಾಲ್ಕೈದು ತಿಂಗಳನ್ನು ಜೋಡಿಕಾಳುಗಳೊಳಗೆ, ಒಣಗಿದ ಕಾಯಿಗಳೊಳಗೆ ನಿದ್ರಿಸುತ್ತ ಕಳೆಯುವುದು. ಆ ನಿದ್ರೆಯ ಮನೆಯನ್ನು ನಾವೇ ಕಾಯ್ದುಕೊಡುತ್ತಿದ್ದೇವೆ. ನೀರಿನ ಆಸರೆಯಿರುವಲ್ಲಿ ಇನ್ನೆರಡು ಬಿಡಿಸುವಿಕೆಯ ಆಸೆಯಿಂದ ಬೆಳೆಯನ್ನು ಮಾರ್ಚಿಯವರೆಗೂ ಎಳೆಯುತ್ತೇವೆ; ಉರುವಲಿಗೆಂದು ಹತ್ತಿಯ ಕಟ್ಟಿಗೆಯನ್ನು ಹಿತ್ತಲಲ್ಲಿ ಒಟ್ಟುತ್ತೇವೆ; ಅರಳೆಯ ಗಿರಣಿಗಳ ಅಂಗಳದಲ್ಲಿ ಹುಳುಬಿದ್ದ ಕಾಳು ತಿಂಗಳುಗಟ್ಟಲೆ ಬಿದ್ದಿರುವುದು. ಇವೆಲ್ಲ ನಿಲ್ಲಬೇಕು. ಬೇಸಿಗೆಯಲ್ಲಿ ಮುಂಚಿತವಾಗಿ ಬಿತ್ತದೆ ಹದಮಳೆಯಾದ ಮೇಲೆ ಊರೆಲ್ಲ ಒಂದೇ ಸುಮಾರಿಗೆ ಬಿತ್ತಬೇಕು. ಅಲ್ಪಾವಧಿಯ ತಳಿಯನ್ನು ಆರಿಸಿ ಡಿಸೆಂಬರದೊಳಗೆ ಬೆಳೆಯನ್ನು ಮುಗಿಸಬೇಕು. ಉಳಿದ ಕಾಯಿಗಳ ಮೇಲೆ ಕುರಿ ಮೇಕೆಗಳನ್ನು ಹಾಯಿಸಿ, ಕಟ್ಟಿಗೆಯನ್ನು ಕಿತ್ತು ಪುಡಿಮಾಡಿ ಗೊಬ್ಬರಕ್ಕೆ ಸೇರಿಸಬೇಕು. ಕೂಳೆ ಬೆಳೆಯನ್ನು ಬಿಡಲೇಕೂಡದು. ನಾಟಿದ ಒಂದೂವರೆ ತಿಂಗಳಿಗೆ ಎಕರೆಗೆ ಎರಡರಂತೆ ಮೋಹಕ ಬಲೆಗಳನ್ನು ಕಟ್ಟಿ, ಮೂರು ರಾತ್ರಿ ಸತತವಾಗಿ ಬಲೆಗೆ ಎಂಟೆಂಟು ಪತಂಗ ಬಿದ್ದರೆ, ಅಥವಾ ಹೂಗಳಲ್ಲಿ ನೂರಕ್ಕೆ ಹತ್ತು ಗುಲಾಬಿಯ ಮೊಗ್ಗಿನಂತೆ ಮುದುಡಿದ್ದರೆ, ಆಗ ಮಾತ್ರ ಎಣ್ಣೆಯ ಮಾತು. ಗಾಬರಿಯಿಂದ ವಾರವಾರವೂ ಹೊಡೆದರೆ ಹುಳುವಿಗಿಂತ ಮೊದಲು ಹೊಡೆಯುವವನೇ ನೆಲಹಿಡಿದಾನು.

ಇವುಗಳಲ್ಲಿ ಯಾವೊಂದನ್ನೂ ಒಬ್ಬನೇ ಮಾಡಿ ಫಲವಿಲ್ಲ. ನಾನು ಕಟ್ಟಿಗೆಯನ್ನು ಕಿತ್ತು ನೆರೆಯವನು ಕೀಳದಿದ್ದರೆ ಅವನ ಪತಂಗವು ನನ್ನ ಹೊಲದಲ್ಲಿ ತತ್ತಿಯಿಡುವುದು. ಇಲ್ಲಿಯೇ ಸರಕಾರದ ಕರ್ತವ್ಯವು ಪ್ರಾರಂಭವಾಗುವುದು. ಬಳ್ಳಾರಿಯು ಆಗ ಸೇರಿದ್ದ ಮದ್ರಾಸು ಪ್ರಾಂತದಲ್ಲಿ ಪರಕೀಯ ಆಡಳಿತವೇ 1919ರಷ್ಟು ಹಿಂದೆ ಪೀಡೆಗಳ ಶಾಸನವನ್ನು ಮಾಡಿ, ಹತ್ತಿಯ ಗಿಡಗಳನ್ನು ಗೊತ್ತಾದ ತಾರೀಖಿನೊಳಗೆ ಕೀಳಿಸುವ ಏರ್ಪಾಡನ್ನು ಕೆಲವು ಸೀಮೆಗಳಲ್ಲಿ ಜಾರಿಗೆ ತಂದಿದ್ದಿತು. ನಮ್ಮ ರಾಜ್ಯದಲ್ಲಿಯೂ ಕೃಷಿ ಪೀಡೆ ಮತ್ತು ರೋಗಗಳ ವಿಷಯದಲ್ಲಿ 1968ರ ಶಾಸನವುಂಟು. ಸ್ವರಾಜ್ಯದ ಸರಕಾರಕ್ಕೆ ಈ ಅಧಿಕಾರವನ್ನು ಬಳಸಲು ಸಂಕೋಚವೇಕೆ? ಜಿಲ್ಲೆಜಿಲ್ಲೆಗೆ ಬಿತ್ತನೆಯ ಮತ್ತು ಕೀಳುವಿಕೆಯ ತಾರೀಖನ್ನು ಗೊತ್ತುಪಡಿಸಲಿ. ಕಾಲುವೆಯ ನೀರನ್ನು ಆ ತಾರೀಖಿಗೆ ಹೊಂದಿಸಲಿ. ಆದರೆ ಶಾಸನದ ಬೆತ್ತವನ್ನು ಹಿಡಿಯುವ ಮೊದಲು ಕೀಳುವ ಯಂತ್ರವನ್ನು ಊರಿಗೆ ಕಳುಹಿಸಲಿ. ಕೂಲಿಯ ಖರ್ಚಿನಲ್ಲಿ ಪಾಲು ಹೊರಲಿ. ಬೇಗನೆ ಬೆಳೆ ಮುಗಿಸಿದವನ ಅರಳೆಗೆ ತಕ್ಕ ಬೆಲೆ ಸಿಗುವಂತೆ ಖರೀದಿ ಕೇಂದ್ರಗಳನ್ನು ಹೊತ್ತಿಗೆ ತೆರೆಯಲಿ. ಪೊಟ್ಟಣದೊಳಗೆ ಹೇಳಿದಷ್ಟು ಸಾದಾ ಬೀಜವಿದೆಯೆ, ಅದು ಜೊತೆಯ ಬೆಳೆಗೆ ಸರಿಹೊಂದುವ ತಳಿಯೆ ಎಂಬುದನ್ನು ಅಂಗಡಿಯಿಂದ ಮಾದರಿ ತೆಗೆದು ಪರೀಕ್ಷಿಸಿ ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಲಿ.

ನಮ್ಮ ವಿಶ್ವವಿದ್ಯಾನಿಲಯಗಳ ಹೊಣೆಯೂ ಸಣ್ಣದಲ್ಲ. ನಾಗಪುರದ ಸಂಸ್ಥೆಯೂ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವೂ ಕೂಡಿ, ರೈತನು ಬೀಜವನ್ನು ಇಟ್ಟುಕೊಂಡು ಬಿತ್ತಬಹುದಾದ ಬಿಕಾನೇರಿ ನರ್ಮಾ ಎಂಬ ಬಿ.ಟಿ. ತಳಿಯನ್ನು 2009ರಲ್ಲಿ ಹೊಲಕ್ಕೆ ತಂದುವು. ಅದರಲ್ಲಿ ವಿದೇಶೀ ಕಂಪನಿಯ ವಂಶವಾಹಿ ಬೆರೆತಿರುವುದು ಹೊರಬಿದ್ದು ಮಾರಾಟ ನಿಂತಿತು. ಅದು ನಾಚಿಕೆಯ ಪ್ರಸಂಗವೇ ಸರಿ. ಆದರೆ ಒಮ್ಮೆ ಎಡವಿದವನು ನಡೆಯುವುದನ್ನೇ ಬಿಡುವುದುಂಟೆ? ಅಲ್ಪಾವಧಿಯ, ಸಾದಾ, ಸ್ವದೇಶೀ ತಳಿಯ ಬೀಜವನ್ನು ಸಾರ್ವಜನಿಕ ಸಂಸ್ಥೆಗಳೇ ಕೊಡುವ ದಿನ ಬಂದ ಹೊರತು ನಮ್ಮ ಹತ್ತಿಯು ಸ್ವತಂತ್ರವಾಗದು.

ಈ ವಿಷಯದಲ್ಲಿ ನಮ್ಮ ನಾಡಿನಲ್ಲಿ ಎರಡು ಪಕ್ಷಗಳಿವೆ. 1998ರ ನವೆಂಬರಿನಲ್ಲಿ ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತ ಸಂಘದವರು ಬಿ.ಟಿ. ಹತ್ತಿಯ ಪ್ರಯೋಗದ ಹೊಲಗಳಲ್ಲಿ ಗಿಡಗಳನ್ನು ಕಿತ್ತು ಸುಟ್ಟರು. ಆ ಪಕ್ಷದವರು ಇಂದು, ನಾವು ಹೇಳಲಿಲ್ಲವೆ, ಎನ್ನುವರು. ಬೀಜದ ಪಕ್ಷದವರು, ಮೂರನೆಯ ವಿಷ ಬರಲಿ, ಎಲ್ಲವೂ ಸರಿಯಾಗುವುದು, ಎನ್ನುವರು. ಮೊದಲನೆಯವರ ಸ್ವಾಭಿಮಾನವನ್ನು ನಾವು ಗೌರವಿಸುತ್ತೇವೆ. ಆದರೆ ಬೀಜವನ್ನು ಬೈದ ಮಾತ್ರಕ್ಕೆ ಹುಳು ಹೋಗದು. ಎರಡನೆಯವರಿಗೆ ನಮ್ಮ ಪ್ರಶ್ನೆಯೊಂದೇ: ಮೊದಲನೆಯ ವಿಷವನ್ನು ಏಳೆಂಟು ವರುಷಗಳಲ್ಲಿ, ಎರಡನೆಯದನ್ನು ಅಷ್ಟ್ರಲ್ಲಿಯೇ ಕಳೆದುಕೊಂಡ ಕೈಗಳಿಗೆ ಮೂರನೆಯದನ್ನು ಕೊಟ್ಟರೆ ಅದು ಎಷ್ಟು ವರುಷ ಬಾಳೀತು? ಆಯುಧವನ್ನು ಕಾಯ್ದುಕೊಳ್ಳಲು ಬಾರದವನಿಗೆ ಹೊಸ ಆಯುಧವು ಹೊಸ ಸಾಲವಷ್ಟೆ.

ನಾವು ಶಾಸ್ತ್ರಜ್ಞರಲ್ಲ, ಶಾಸ್ತ್ರಜ್ಞರು ಹೇಳಿದುದನ್ನು ಜನತೆಯ ಮುಂದಿಡುವುದು ಪತ್ರಿಕೆಯ ಧರ್ಮವೆಂದು ಇಷ್ಟನ್ನು ಬರೆದೆವು. ಕೆರೆಯ ಹೂಳನ್ನು ಊರವರು ಕೂಡಿ ಎತ್ತುತ್ತಿದ್ದ ನಾಡು ನಮ್ಮದು. ಹಬ್ಬಕ್ಕೆ, ಜಾತ್ರೆಗೆ, ತೇರಿಗೆ ಒಂದು ದಿನವನ್ನು ಗೊತ್ತುಮಾಡಿ ಎಲ್ಲರೂ ಕೈಹಚ್ಚುವ ರೂಢಿ ಇನ್ನೂ ಅಳಿದಿಲ್ಲ. ಹತ್ತಿಯ ಕಟ್ಟಿಗೆಯನ್ನು ಕೀಳುವುದಕ್ಕೂ ಅಂಥದೊಂದು ದಿನವನ್ನು ಗ್ರಾಮಸಭೆಯಲ್ಲಿ ಗೊತ್ತುಮಾಡಲು ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ. ಬರುವ ಹಂಗಾಮಿನಲ್ಲಿ ಹತ್ತಿಯ ಸೀಮೆಯ ಪ್ರತಿಯೊಂದು ತಾಲೂಕಿನಲ್ಲಿ ಒಂದೊಂದು ಊರಾದರೂ ಇದನ್ನು ಮಾಡಿ ತೋರಿಸಲಿ. ಆ ಊರಿನ ಕಾಯಿಯನ್ನು ಒಡೆದು ನೋಡಿದ ನೆರೆಯೂರು ಮರುವರುಷ ತಾನಾಗಿಯೇ ಜೊತೆಗೂಡುವುದು. ಸರಕಾರವು ಹಿಂದೆ ಬಿದ್ದರೆ ಊರುಗಳು ಮುಂದೆ ನಡೆದು ಅದನ್ನು ಎಳೆದುಕೊಂಡು ಹೋಗಲಿ. ನಮ್ಮ ನೆಲದಿಂದ ಹೊರಟು ಲೋಕವನ್ನು ಸುತ್ತಿದ ಹುಳು ಪರದೇಶದಲ್ಲಿ ಅಳಿಯಿತು. ತನ್ನ ತವರಿನಲ್ಲಿಯೂ ಅದನ್ನು ಹದ್ದಿನಲ್ಲಿಡುವುದು ನಮ್ಮ ಒಕ್ಕಟ್ಟಿನ ಕೈಯಲ್ಲಿದೆ.